ಹಗ್ಗ ಬಿಗಿದಾಗ ದೂರ ನಿಲ್ಲಿ

ಕೆಟ್ಟು ನಿಂತ ಗಾಡಿಗೆ ಹಗ್ಗ ಕಟ್ಟಿ ಎಳೆಯುತ್ತಿರುವುದು ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ ಸಾಕು, ನನ್ನ ಕಾಲು ತಾನಾಗಿ ಅತ್ತ ತಿರುಗುತ್ತದೆ. ನೋಡುವ ಆಸೆಗಲ್ಲ, ಅಲ್ಲಿ ನಿಂತು ನೋಡುತ್ತಿರುವವರನ್ನು ಓಡಿಸುವುದಕ್ಕೆ. "ಆಘಾ ಖಸೋ ಭಾಯ್, ಆಘಾ ಖಸೋ" ಎಂದು, ದೂರ ಸರಿಯಿರಿ ಎಂದು, ನನ್ನ ಮುರುಕು ಗುಜರಾತಿಯಲ್ಲಿ ಕೂಗುತ್ತ ಕೈ ಬೀಸುತ್ತೇನೆ. ಯಾರೂ ನನ್ನನ್ನು ಕರೆದಿರುವುದಿಲ್ಲ.

ಹೋದ ಮಳೆಗಾಲದಲ್ಲಿ ಅಹಮದಾಬಾದಿನ ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿನ ಎದುರೇ, ಪೈಪಿಗಾಗಿ ಅಗೆದು ಮುಚ್ಚಿದ್ದ ಹಸಿ ಮಣ್ಣಿನಲ್ಲಿ ಒಂದು ಕಾರು ಹೂತುಕೊಂಡಿತು. ಇನ್ನೊಂದು ಕಾರಿನವರು ಹಗ್ಗ ಕಟ್ಟಿದರು. ನಾನು ಕೆಳಗಿಳಿದು ಹೋಗಿ, ವಾಚ್‌ಮನ್ ಕಾಲೊರೆಸಲು ಹಾಕಿದ್ದ ಗೋಣಿಚೀಲವನ್ನು ನಲ್ಲಿಯ ಕೆಳಗೆ ನೆನೆಸಿ ತಂದು ಹಗ್ಗದ ನಟ್ಟನಡುವೆ ಹೊದಿಸಿದೆ. "ಕಾಕಾ, ಶುಂ ಕರೋ ಛೋ? ಪೂಜಾ?" ಏನು ಮಾಡುತ್ತಿದ್ದೀರಿ, ಪೂಜೆಯೇ ಎಂದು ಕಾರಿನವನು ನಕ್ಕ. ಪೂಜೆಯಲ್ಲಪ್ಪ, ಹಗ್ಗ ಹರಿದರೆ ಹಾರದೆ ನೆಲಕ್ಕೆ ಬೀಳಲಿ ಎಂದು, ಅಂತ ಹೇಳುವಷ್ಟು ಗುಜರಾತಿ ನನ್ನ ಬಾಯಿಗೆ ಆ ಹೊತ್ತಿಗೆ ಬರಲಿಲ್ಲ. ಹಗ್ಗ ಹರಿಯಲಿಲ್ಲ. ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ಮೇಲೆ ಬಂತು. ಎಲ್ಲರೂ ನನ್ನ ಕಡೆ, ಒದ್ದೆಗೋಣಿಯ ಕಡೆ ನೋಡಿದರು. ನಾನು ಮೇಲೆ ಹೋದಾಗ, ಬಾಲ್ಕನಿಯಿಂದ ನೋಡುತ್ತಿದ್ದ ನನ್ನ ಹೆಂಡತಿ, "ನಿಮ್ಮನ್ನ ಟ್ರಾಫಿಕ್ ಪೊಲೀಸ್ ಕೆಲಸದಿಂದ ತೆಗದ್ಹಾಕ್ಯಾರ ಅಂತ ತಿಳಕೊಂಡಿರ್ತಾರ ಜನ" ಎಂದಳು. ಹಾಗೆ ತಿಳಿದುಕೊಂಡರೂ ನನಗೆ ಬೇಸರವಿಲ್ಲ.

ಹಗ್ಗವೆಂದರೆ ಭಯಪಡುವ ಮನೆತನವೇನೂ ನಮ್ಮದಲ್ಲ. ಗದುಗಿನ ನಮ್ಮ ಓಣಿಯಲ್ಲಿ ಹಗ್ಗವಿಲ್ಲದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಬಾವಿಯ ಹಗ್ಗವಿತ್ತು. ಅದರ ಒದ್ದೆ ನಾರು ಅಂಗೈಗೆ ಚುಚ್ಚುತ್ತಿತ್ತು, ಗಡಗಡೆಯ ಗಾಲಿ ಕಿರುಗುಟ್ಟುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗವಿತ್ತು. ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಅವ್ವ ಅಕ್ಕಿ ಆರಿಸುತ್ತಿದ್ದಳು. ಶಾಲೆಯಲ್ಲಿ ಹಗ್ಗ ಜಗ್ಗಾಟವಿತ್ತು. ನಾನು ತೂಕದ ಹುಡುಗನಾದ್ದರಿಂದ ಓದಿನಲ್ಲಿ ಸಿಗದ ಗೌರವ ಅಲ್ಲಿ ಸಿಗುತ್ತಿತ್ತು; ನನ್ನನ್ನು ಯಾವಾಗಲೂ ಕಟ್ಟಕಡೆಗೆ, ಹಗ್ಗವನ್ನು ಸೊಂಟಕ್ಕೆ ಸುತ್ತಿ ನಿಲ್ಲಿಸುತ್ತಿದ್ದರು. ಒಮ್ಮೆ ಹಗ್ಗ ನಡುವೆಯೇ ಹರಿಯಿತು. ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ಕುಂಡೆ ಊರಿ ಬಿದ್ದೆವು. ಮೈದಾನವೆಲ್ಲ ನಕ್ಕಿತು, ಡ್ರಿಲ್ ಮಾಸ್ತರರೂ ನಕ್ಕರು. ಹರಿದ ಹಗ್ಗವೆಂದರೆ ನಗುವ ವಿಷಯ ಎಂದೇ ಬಹಳ ಕಾಲ ನಾನು ತಿಳಿದಿದ್ದೆ. ಅದು ಸೆಣಬಿನ ಹಗ್ಗ. ಹರಿದರೆ ಸುಮ್ಮನೆ ಕೆಳಗೆ ಬೀಳುತ್ತದೆ. ನೈಲಾನ್ ಹಗ್ಗದ ಸ್ವಭಾವವೇ ಬೇರೆ ಎಂದು ತಿಳಿದದ್ದು ಸೂರತ್ತಿನಲ್ಲಿ, ಭಾವನ ಜೊತೆಯಲ್ಲಿದ್ದಾಗ.

ಭಾವ ಎಂದರೆ ನನ್ನ ಅಕ್ಕ ವಿಮಲಾಳ ಗಂಡ, ವಸಂತರಾವ್. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ನಾನಾಗ ಮದುವೆಯಾಗದ ಹುಡುಗ, ಅಹಮದಾಬಾದಿನ ನವರಂಗಪುರದಲ್ಲಿ ಒಂದು ಖಾಸಗಿ ಕಂಪನಿಯ ಆಫೀಸಿನಲ್ಲಿ ಕೆಲಸ, ಅಲ್ಲೇ ಹಿಂದಿನ ಗಲ್ಲಿಯಲ್ಲಿ ಬಾಡಿಗೆ ಕೋಣೆ. ಅಕ್ಕ, ಭಾವ, ಅವರ ಪುಟ್ಟ ಮಗಳು ದೀಪಾ ಸೂರತ್ತಿನಲ್ಲಿದ್ದರು. ಸಚಿನ್ ಕೈಗಾರಿಕಾ ಪ್ರದೇಶದ ಒಂದು ಡೈಯಿಂಗ್ ಮಿಲ್ಲಿನಲ್ಲಿ ಭಾವ ಕಲರ್ ಮಾಸ್ಟರ್. ವ್ಯಾಪಾರಿ ಒಂದು ಚೂರು ಬಟ್ಟೆ ತಂದು ಕೊಟ್ಟರೆ, ಅದೇ ಬಣ್ಣವನ್ನು ಸಾವಿರಾರು ಮೀಟರ್ ಸೀರೆಗೆ ಬರುವಂತೆ ಕೂಡಿಸಿ ಕೊಡುವುದು ಅವರ ಕೆಲಸ. ಆ ಕೆಲಸ ಅವರನ್ನು ಮನೆಯಲ್ಲೂ ಬಿಡುತ್ತಿರಲಿಲ್ಲ. ಊಟಕ್ಕೆ ಕೂತರೆ ಸಾರಿನ ಬಟ್ಟಲನ್ನು ಓರೆ ಮಾಡಿ, "ವಿಮಲಾ, ಇವತ್ತು ಕೆಂಪು ಒಂಚೂರು ಜಾಸ್ತಿ ಆತು ನೋಡು" ಎನ್ನುತ್ತಿದ್ದರು. ಅಕ್ಕ, "ಉಂಡು ಹೇಳ್ರಿ, ನೋಡಿ ಹೇಳಬ್ಯಾಡ್ರಿ" ಎನ್ನುತ್ತಿದ್ದಳು. ನಾನು ಹೊಸ ಅಂಗಿ ಹಾಕಿಕೊಂಡು ಹೋದರೆ ನನ್ನ ಮುಖ ನೋಡುವ ಮೊದಲು ಕಾಲರ್ ಹಿಡಿದು ನೋಡುತ್ತಿದ್ದರು. "ಎರಡ ಒಗತಕ್ಕ ಹೋಗ್ತದ ಇದು, ಪಮ್ಯಾ. ಯಾವ ಮಗಾ ಮಾರಿದ ನಿನಗ?"

ಆ ಚಳಿಗಾಲದ ಒಂದು ಭಾನುವಾರ ನಾನು ಸೂರತ್ತಿಗೆ ಹೋಗಿದ್ದೆ. ಭಾವ ಆಗಷ್ಟೇ ಹಳೆಯದೊಂದು ಮಾರುತಿ ವ್ಯಾನ್ ಕೊಂಡಿದ್ದರು. ಅದರಲ್ಲಿ ಎಲ್ಲರೂ ಡುಮಸ್‌ನ ಸಮುದ್ರದಂಡೆಗೆ ಹೊರಟೆವು. ದಾರಿಯಲ್ಲಿ ಪೋಂಕ್ ಮಾರುವವರ ಹತ್ತಿರ ಗಾಡಿ ನಿಲ್ಲಿಸಿದರು. ಪೋಂಕ್ ಎಂದರೆ ನಮ್ಮ ಕಡೆಯ ಸೀತನಿಯೇ, ಹಸಿ ಜೋಳದ ತೆನೆಯನ್ನು ಸುಟ್ಟು ಬಡಿದು ತೆಗೆದ ಎಳೆಯ ಕಾಳು. ಇಲ್ಲಿ ಅದಕ್ಕೆ ಸೇವು, ಲಿಂಬೆಹಣ್ಣು ಬೆರೆಸಿ ಕೊಡುತ್ತಾರೆ. ಭಾವ ಒಂದು ಕಾಳನ್ನು ಬೆಳಕಿಗೆ ಹಿಡಿದು, "ಈ ಹಸಿರು ನನಗ ಇನ್ನತನಕ ಕೂಡಸಲಿಕ್ಕೆ ಬಂದಿಲ್ಲೋ" ಎಂದರು. ಅವರು ಎರಡೂ ಕಣ್ಣಿನಿಂದ ನೋಡಿ ಮೆಚ್ಚಿದ ಕೊನೆಯ ಬಣ್ಣ ಅದೇ ಇರಬೇಕು.

ಡುಮಸ್‌ನ ಮರಳು ಕಪ್ಪು. ಇಳಿತದ ಹೊತ್ತಿನಲ್ಲಿ ನೀರು ಬಹಳ ದೂರ ಹಿಂದೆ ಸರಿದು, ಅದು ಬಿಟ್ಟ ನೆಲ ಸಿಮೆಂಟಿನ ಅಂಗಳದಂತೆ ಗಟ್ಟಿಯಾಗಿ ಕಾಣುತ್ತದೆ. ಮುಂದೆ ಹೋದ ಗಾಡಿಗಳ ಗುರುತು ನೋಡಿ ಭಾವನೂ ವ್ಯಾನ್ ಇಳಿಸಿದರು. ನಾವು ನೀರಾಡಿ, ದೀಪಾ ಒಂಟೆಯ ಮೇಲೆ ಕೂತು ಇಳಿದು, ವಾಪಸ್ ಬರುವಷ್ಟರಲ್ಲಿ ಹಿಂದಿನ ಚಕ್ರಗಳು ಅರ್ಧ ಹೂತಿದ್ದವು. ಭಾವ ಇಂಜಿನ್ ಏರಿಸಿದಷ್ಟೂ ಚಕ್ರ ಗರಗರ ತಿರುಗಿ ಇನ್ನೂ ಕೆಳಗೆ ಹೋಯಿತು. ಅತ್ತ ಸಮುದ್ರ ತಿರುಗಿ ಬರುತ್ತಿತ್ತು. ಅಲೆಯೆಂದು ಹೇಳುವಂಥ ಅಬ್ಬರವೇನಿಲ್ಲ, ನೆಲವೇ ನಿಧಾನವಾಗಿ ಒದ್ದೆಯಾಗುತ್ತ ನಮ್ಮ ಕಡೆ ಬರುತ್ತಿತ್ತು.

ಆಗ ಜೀಪಿನಲ್ಲಿ ಹೊರಟಿದ್ದ ಒಬ್ಬರು ತಾವಾಗಿಯೇ ನಿಲ್ಲಿಸಿದರು. ಮನ್ಸುಖ್‌ಭಾಯ್ ಎಂದು ಹೆಸರು, ಬಟ್ಟೆ ಅಂಗಡಿಯವರು, ಹೆಂಡತಿ ಮಕ್ಕಳ ಜೊತೆ ಬಂದಿದ್ದರು. "ಚಿಂತಾ ನಹೀಂ ಕರೋ, ಹಮಣಾಂಜ್ ಕಾಢೀ ದಈಶ್" ಎಂದರು. ಚಿಂತೆ ಬೇಡ, ಈಗಲೇ ತೆಗೆದುಕೊಡುತ್ತೇನೆ. ಅವರ ಜೀಪಿನಲ್ಲಿ ಹೆಬ್ಬೆರಳು ಗಾತ್ರದ ನೀಲಿ ನೈಲಾನ್ ಹಗ್ಗವಿತ್ತು, ಅದರ ತುದಿಗೊಂದು ಕಬ್ಬಿಣದ ಕೊಕ್ಕೆ. ಭಾವ ಮರಳಿನ ಮೇಲೆ ಅಂಗಾತ ಮಲಗಿ ಹಗ್ಗವನ್ನು ವ್ಯಾನಿನ ಮುಂಭಾಗದ ಅಡಿಗೆ ಕಟ್ಟಿದರು. ಕೊಕ್ಕೆಯನ್ನು ಜೀಪಿನ ಹಿಂದಿನ ಬಳೆಗೆ ಸಿಕ್ಕಿಸಿದರು.

"ನೀ ಸ್ಟೇರಿಂಗ್ ಹಿಡಕೊಂಡು ಕೂಡು, ನಾ ಹೊರಗ ನಿಂತು ಹೇಳ್ತೀನಿ" ಎಂದು ನನಗೆ ಹೇಳಿದರು. ಅಕ್ಕ ದೀಪಾಳನ್ನು ಎತ್ತಿಕೊಂಡು ಮೇಲಿನ ಒಣ ಮರಳಿಗೆ ಹೋದಳು.

ಮೊದಲ ಸಲ ಮನ್ಸುಖ್‌ಭಾಯ್ ಮೆಲ್ಲಗೆ ಎಳೆದರು. ವ್ಯಾನ್ ಮುಲುಕಿತು, ಬರಲಿಲ್ಲ. ಚಕ್ರದ ಮುಂದಿನ ಮರಳನ್ನು ತೋಡಿ ಇಳಿಜಾರು ಮಾಡಬೇಕು, ಟೈರಿನ ಗಾಳಿ ಸ್ವಲ್ಪ ಬಿಡಬೇಕು, ಆಮೇಲೆ ಒಂದೇ ಸಮನೆ ಎಳೆಯಬೇಕು ಎಂಬುದೆಲ್ಲ ನಾನು ಮುಂದೆ ಕಂಡ ಕಂಡ ಮೆಕ್ಯಾನಿಕ್ಕುಗಳನ್ನು ಪೀಡಿಸಿ ತಿಳಿದುಕೊಂಡದ್ದು. ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನೀರು ಹಿಂದಿನ ಚಕ್ರ ಮುಟ್ಟಿತ್ತು.

"ಝಟ್ಕೋ ಮಾರ್ವೋ ಪಡ್ಶೇ" ಎಂದು ಮನ್ಸುಖ್‌ಭಾಯ್ ಕೂಗಿದರು. ಜರ್ಕ್ ಕೊಡಬೇಕು ಎಂದು. ಜೀಪನ್ನು ಹಿಂದಕ್ಕೆ ತಂದರು. ಹಗ್ಗ ಸಡಿಲವಾಗಿ ಮರಳಿನ ಮೇಲೆ ಬಿತ್ತು. ಭಾವ ಗಂಟು ನೋಡಲೆಂದು ವ್ಯಾನಿನ ಮುಂದೆ ಬಂದು, ಬಗ್ಗಿ ನೋಡಿ, ಎದ್ದು ಅಲ್ಲೇ ಪಕ್ಕದಲ್ಲಿ ನಿಂತು ಕೈ ಎತ್ತಿದರು. "ಹಾಂ, ಜಾವಾ ದೋ!" ಹೊರಡಲಿ ಎಂದು.

ಜೀಪು ರಭಸದಿಂದ ಮುಂದೆ ಓಡಿತು. ಮರಳಿನಿಂದ ಹಗ್ಗ ಎದ್ದಿತು, ಮೈಮೇಲಿನ ನೀರನ್ನೆಲ್ಲ ಕೊಡವಿತು, ನೆಟ್ಟಗಾಯಿತು. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗುತ್ತದೆ. ಹಿಗ್ಗಿದ ಹಗ್ಗವನ್ನು ಹಿಡಿದಿದ್ದ ಕೊಕ್ಕೆ ಆ ಎಳೆತಕ್ಕೆ ಜೀಪಿನ ಬಳೆಯಿಂದ ಬಿಚ್ಚಿಕೊಂಡು ಹಗ್ಗದ ಜೊತೆ ವ್ಯಾನಿನತ್ತ ಹಾರಿತು. ನನಗೆ ಕಂಡದ್ದು ಇಷ್ಟೇ: ಗಾಜಿನ ಮುಂದೆ ಏನೋ ನೀಲಿ ಮಿಂಚಿತು, ವ್ಯಾನಿನ ತಗಡಿಗೆ ದೊಣ್ಣೆಯಿಂದ ಹೊಡೆದ ಹಾಗೆ ಸದ್ದಾಯಿತು, ಭಾವ ಅಲ್ಲಿ ಇರಲಿಲ್ಲ. ಇಳಿದು ನೋಡಿದರೆ ಮರಳಿನಲ್ಲಿ ಕಾಲು ಚಾಚಿ ಕೂತಿದ್ದರು. ಕೂಗಲೂ ಇಲ್ಲ. ಬಲಗೈಯಿಂದ ಮುಖದ ಅರ್ಧ ಮುಚ್ಚಿಕೊಂಡು, "ಪಮ್ಯಾ, ನನ್ನ ಚಷ್ಮಾ ಎಲ್ಲಿ ಬಿತ್ತು ನೋಡೋ" ಎಂದರು. ಭಾವ ಚಷ್ಮಾ ಹಾಕುತ್ತಲೇ ಇರಲಿಲ್ಲ.

ಮನ್ಸುಖ್‌ಭಾಯ್ ಅವರೇ ನಮ್ಮನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಿಂದ ತಮ್ಮ ಹಣೆ ಬಡಿದುಕೊಳ್ಳುತ್ತಿದ್ದರು. ಆಮೇಲೂ ಎಷ್ಟೋ ದಿನ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೋಗುತ್ತಿದ್ದರು. ಅವರನ್ನು ಬೈಯಬೇಕೆಂದು ನಾನು ಬಹಳ ಪ್ರಯತ್ನಪಟ್ಟೆ. ಸಹಾಯ ಮಾಡಲು ಗಾಡಿ ನಿಲ್ಲಿಸಿದ ಮನುಷ್ಯನನ್ನು ಹೇಗೆ ಬೈಯುವುದು? ವ್ಯಾನನ್ನು ಯಾರೂ ತಿರುಗಿ ನೋಡಿರಲಿಲ್ಲ. ಮರುದಿನ ಅದನ್ನು ಟ್ರ್ಯಾಕ್ಟರಿನಿಂದ ಎಳೆಸಿದಾಗ ಸೀಟಿನವರೆಗೂ ಕಪ್ಪು ಕೆಸರು ತುಂಬಿತ್ತು. ಗುಜರಿಯವನು ಒಯ್ದ.

ಸೂರತ್ತಿನ ಡಾಕ್ಟರು ಹೊಲಿಗೆ ಹಾಕಿ, ಬಲಗಣ್ಣು ಒಡೆದಿದೆ, ದೊಡ್ಡ ಕಡೆ ತೋರಿಸಿ ಎಂದರು. ವಡೋದರದಲ್ಲಿ ಒಳ್ಳೆಯವರಿದ್ದಾರೆಂದು ಕೇಳಿ ಅಲ್ಲಿಗೆ ಹೋದೆವು. ಅವರು ಬಹಳ ಹೊತ್ತು ನೋಡಿ, ಅಹಮದಾಬಾದಿಗೆ ಚೀಟಿ ಬರೆದುಕೊಟ್ಟರು. ಒಂದೊಂದು ಊರು ದಾಟಿದಾಗಲೂ ಅಕ್ಕನ ಮಾತು ಕಡಿಮೆಯಾಗುತ್ತ, ಭಾವನ ಮಾತು ಹೆಚ್ಚಾಗುತ್ತ ಹೋಯಿತು. "ಬೆಳಕು ಕಾಣ್ತದ ವಿಮಲಾ. ಖರೇನ ಕಾಣ್ತದ. ಪರದೆ ಹಾಕಿಧಂಗ ಅದ ಅಷ್ಟ" ಎಂದು ರೈಲಿನಲ್ಲಿ ಹೇಳುತ್ತಲೇ ಇದ್ದರು.

ಅಹಮದಾಬಾದಿನ ಡಾಕ್ಟರು ವಯಸ್ಸಾದ ಹೆಂಗಸು, ಮೆಲುದನಿಯವರು. ಆ ಕಣ್ಣನ್ನು ತೆಗೆದುಬಿಡುವುದೇ ಒಳ್ಳೆಯದು ಎಂದರು. ಹಾಗೇ ಬಿಟ್ಟರೆ ಅಪರೂಪಕ್ಕೆ ಒಳ್ಳೆಯ ಕಣ್ಣೂ ಅದರ ಹಿಂದೆ ಹೋಗುವುದುಂಟು, ಹೋದರೆ ಎರಡೂ ಹೋದಂತೆ, ತಡ ಮಾಡಬೇಡಿ ಎಂದರು. ಭಾವ ಕುರ್ಚಿಯಿಂದ ಎದ್ದುಬಿಟ್ಟರು. "ಮೇಡಂ, ರೋಶನೀ ದಿಖ್ತೀ ಹೈ. ದಿಖ್ತೀ ಹೈ ತೋ ನಿಕಾಲ್ನಾ ಕ್ಯೂಂ?" ಬೆಳಕು ಕಾಣುವಾಗ ತೆಗೆಯುವುದೇಕೆ ಎಂದು.

ಡಾಕ್ಟರು ಅವರನ್ನು ಕೂರಿಸಿ, ಎಡಗಣ್ಣಿನ ಮೇಲೆ ಹತ್ತಿ ಇಟ್ಟು ಬಿಗಿಯಾಗಿ ಪಟ್ಟಿ ಹಾಕಿದರು. ಕೈಯಲ್ಲಿ ಚಿಕ್ಕ ಟಾರ್ಚ್ ಹಿಡಿದು ಬಲಗಣ್ಣಿನ ಮುಂದೆ ತಂದರು.

"ಅಬ್ ಲೈಟ್ ಹೈ?"

"ಹೈ" ಎಂದರು ಭಾವ.

ಟಾರ್ಚ್ ಹೊತ್ತಿಸಿರಲೇ ಇಲ್ಲ.

ಡಾಕ್ಟರು ಈಗ ಹೊತ್ತಿಸಿದರು. "ಔರ್ ಅಬ್?"

ಭಾವ ತುಸು ಯೋಚಿಸಿದರು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನಂತೆ ಮುಖವನ್ನು ಡಾಕ್ಟರ ದನಿಯ ಕಡೆ ಎತ್ತಿ, "ಥೋಡಾ ಕಮ್ ಹುವಾ", ಸ್ವಲ್ಪ ಕಡಿಮೆಯಾಯಿತು, ಎಂದರು. ಡಾಕ್ಟರು ನಮ್ಮ ಕಡೆ ನೋಡಲಿಲ್ಲ. ಪಟ್ಟಿ ಬಿಚ್ಚಿ, ಅವರ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಒಳಗೆ ಹೋದರು.

ಹೊರಗಿನ ಬೆಂಚಿನ ಮೇಲೆ ಭಾವ ಉತ್ಸಾಹದಿಂದ ಕೂತರು. "ಕೇಳಿದ್ಯಲ್ಲ? ಎರಡೂ ಸಲ ಹೇಳಿದೆ."

ಅಕ್ಕ ಅವರ ಎದುರಿಗೆ ನೆಲದ ಮೇಲೆ ಕೂತಳು. "ಮೊದಲನೇ ಸಲ ಅವರು ಬ್ಯಾಟರಿ ಹಚ್ಚಿದ್ದಿಲ್ಲರಿ."

"ಸುಳ್ಳ ಹೇಳಬ್ಯಾಡ."

"ನಾ ನೋಡೀನಿ. ಪಮ್ಯಾನೂ ನೋಡ್ಯಾನ."

ಭಾವ ನನ್ನ ಕಡೆ ತಿರುಗಿದರು. ಎಡಗಣ್ಣಿಗೆ ನಾನು ಸಿಗಬೇಕಾದರೆ ಅವರು ಕತ್ತನ್ನು ಪೂರ್ತಿ ಹೊರಳಿಸಬೇಕಾಗಿತ್ತು. "ಹೌದೇನೋ?"

ಗೋಣು ಹಾಕಿದೆ. ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ, "ಮತ್ತ ನನಗ ಕಂಡಿದ್ದು ಏನದು?" ಎಂದು ಕೇಳಿದರು, ನಮ್ಮಿಬ್ಬರನ್ನೂ ಅಲ್ಲ. ಅವತ್ತು ಸಂಜೆ ಒಪ್ಪಿಗೆಯ ರುಜು ಹಾಕಿದರು.

ಗಾಯ ಮಾಯುವವರೆಗೆ ಸೂರತ್ತಿನಲ್ಲಿದ್ದರು. ಮಿಲ್ಲಿನ ಸೇಠ್ ಕೆಟ್ಟವರಲ್ಲ. ವಾಪಸ್ ಬನ್ನಿ ಎಂದು ತಾವೇ ಕರೆಸಿದರು, ಕುರ್ಚಿಯನ್ನೂ ಅಲ್ಲೇ ಇಟ್ಟಿದ್ದರು. ಬಣ್ಣ ಗುರುತಿಸುವುದಕ್ಕೆ ಒಂದು ಕಣ್ಣು ಸಾಕು, ಅದರಲ್ಲೇನೂ ಕೊರತೆ ಬಂದಿರಲಿಲ್ಲ. ಬಂದದ್ದು ಕೈಗೆ. ಅಂತರ ತಿಳಿಯದೆ, ಗಾಜಿನ ಲೋಟಕ್ಕೆ ಬಣ್ಣ ಹನಿಸಲು ಹೋದರೆ ಅದು ಮೇಜಿನ ಮೇಲೆ ಬೀಳುತ್ತಿತ್ತು. ಅದೂ ರೂಢಿಯಾಗುತ್ತಿತ್ತೋ ಏನೋ. ಆದರೆ ಅವರು ಒಪ್ಪಿದ ಪ್ರತಿ ತುಂಡೂ ಪಕ್ಕದ ಕೋಣೆಗೆ ಹೋಗಿ, ಅಲ್ಲಿ ಇನ್ನೊಬ್ಬರು ನೋಡಿದ ಮೇಲೆ ಯಂತ್ರಕ್ಕೆ ಹೋಗುತ್ತಿದೆ ಎಂದು ಅವರಿಗೆ ಬೇಗ ತಿಳಿಯಿತು. ಯಾರೂ ಹೇಳಲಿಲ್ಲ. ತಮ್ಮ ಕಡೆಯಿಂದ ಹೋದ ಚೂರು ಬೇರೆ ರೀತಿ ಮಡಿಚಿಕೊಂಡು ಬಂದದ್ದನ್ನು ನೋಡಿ ತಿಳಿದುಕೊಂಡರು. "ಹೊಸಾ ಕಣ್ಣು ಹಾಕಿಸಿಕೊಂಡ ಮ್ಯಾಲೆ ಎಲ್ಲಾ ಸರಿ ಆಗ್ತದ" ಎಂದು ಅಕ್ಕ ಫೋನಿನಲ್ಲಿ ನನಗೆ ಹೇಳುತ್ತಿದ್ದಳು. ಅವಳ ಹಿಂದಿನಿಂದ ದೀಪಾಳ ದನಿ ಕೇಳುತ್ತಿತ್ತು. ಮನೆಯಲ್ಲೂ ಗುಜರಾತಿ ಮಾತಾಡುವ ಹುಡುಗಿ ಅದು. "ಪಪ್ಪಾನೀ ಆಂಖ್ ಕ್ಯಾರೇ ಆವ್ಶೇ?" ಅಪ್ಪನ ಕಣ್ಣು ಯಾವಾಗ ಬರುತ್ತದೆ ಎಂದು, ಊರಿಗೆ ಹೋದವರು ಯಾವಾಗ ಬರುತ್ತಾರೆಂದು ಕೇಳುವ ಹಾಗೆ.

ಹೊಸ ಕಣ್ಣಿಗಾಗಿ ಮತ್ತೆ ಅಹಮದಾಬಾದಿಗೆ ಬಂದರು. ನವರಂಗಪುರದಲ್ಲಿ, ನನ್ನ ಆಫೀಸಿನಿಂದ ಸ್ವಲ್ಪ ದೂರದಲ್ಲಿ, ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಕೃತಕ ಕಣ್ಣು ಮಾಡುವವರಿದ್ದರು. ಅಳತೆಯ ಅಚ್ಚು ತೆಗೆದುಕೊಂಡು, ಮರುವಾರ ಬಣ್ಣ ಬರೆಯಲು ಕರೆದರು. ಭಾವನನ್ನು ಎದುರಿಗೆ ಕೂರಿಸಿಕೊಂಡು, ಅವರ ಎಡಗಣ್ಣನ್ನು ನೋಡಿ ನೋಡಿ, ಅಂಗಿಯ ಗುಂಡಿಯಷ್ಟಗಲದ ಬಿಲ್ಲೆಯ ಮೇಲೆ ಕೂದಲೆಳೆಯ ಕುಂಚದಿಂದ ಕಂದು ಬಣ್ಣ ಹಚ್ಚುತ್ತಿದ್ದರು. ಅಕ್ಕ ಮತ್ತು ನಾನು ಗೋಡೆಗೆ ಒರಗಿದ ಬೆಂಚಿನ ಮೇಲಿದ್ದೆವು.

ಭಾವ ಒಂದು ಕೈಯಲ್ಲಿ ಕನ್ನಡಿ ಹಿಡಿದು, ಇನ್ನೊಂದರಲ್ಲಿ ಬಿಲ್ಲೆ ಹಿಡಿದು, ತಲೆಯಾಡಿಸಿದರು. "ಪೀಲಾ ಕಮ್ ಹೈ." ಕಣ್ಣು ಮಾಡುವವರು ಹಳದಿ ಸೇರಿಸಿದರು. "ಅಬ್ ಲಾಲ್ ದಬ್ ಗಯಾ." ಕೆಂಪು ಸೇರಿಸಿದರು. ಭಾವ ಬಗ್ಗಿ, ಕುಂಚ ತಾವೇ ತೆಗೆದುಕೊಂಡು, ಬಣ್ಣದ ತಟ್ಟೆಯನ್ನೇ ತಮ್ಮ ಕಡೆ ಎಳೆದುಕೊಂಡರು. ಕುಂಚದ ತುದಿ ಮೊದಲ ಸಲ ತಟ್ಟೆಯ ಆಚೆ ಮೇಜಿಗೆ ತಗುಲಿತು. ಎಡಗೈ ಬೆರಳಿನಿಂದ ತಟ್ಟೆಯ ಅಂಚನ್ನು ಮುಟ್ಟಿ ಗುರುತು ಮಾಡಿಕೊಂಡು, ಎರಡನೆಯ ಸಲ ಸರಿಯಾಗಿ ಅದ್ದಿದರು. ಕಪ್ಪಿನ ಒಂದು ಚುಕ್ಕೆ, ಹಸಿರಿನ ಇನ್ನೂ ಸಣ್ಣ ಚುಕ್ಕೆ. ಕಂದು ಕಣ್ಣಿಗೆ ಹಸಿರೇಕೆ ಎಂದು ನನಗೆ ಅರ್ಥವಾಗಲಿಲ್ಲ. ಕಣ್ಣು ಮಾಡುವವರು ಬಿಲ್ಲೆಯನ್ನು ನೋಡಿ, ಭಾವನ ಮುಖ ನೋಡಿ ಬೆರಗಾದರು.

"ಆಪ್ ಕ್ಯಾ ಕಾಮ್ ಕರ್ತೇ ಹೈಂ?"

ಭಾವ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು: "ಮಿಲ್ ಮೇಂ ಕಲರ್ ಮಾಸ್ಟರ್ ಥಾ."

ಇದ್ದೆ, ಎಂದರು. ಅಕ್ಕ ಸಟ್ಟನೆ ನನ್ನ ಕಡೆ ತಿರುಗಿದಳು. ನನಗೂ ಗೊತ್ತಿರಲಿಲ್ಲ. ಭಾವ ನಿಜವಾಗಿಯೂ ಮತ್ತೆ ಮಿಲ್ಲಿಗೆ ಹೋಗಲಿಲ್ಲ. ಮುಂದೆ ವಡೋದರದಲ್ಲಿ ಒಂದು ಗೋದಾಮು ನೋಡಿಕೊಳ್ಳುವ ಕೆಲಸ ಹಿಡಿದರು. ಅಲ್ಲಿರುವುದೆಲ್ಲ ಸಿಮೆಂಟಿನ ಚೀಲ.

ಕಣ್ಣು ತಯಾರಾಗಿ ಹಾಕಿಸಿಕೊಂಡ ದಿನ ಭಾವ ಅಕ್ಕನ ಮುಂದೆ ಬಂದು ನಿಂತರು. "ಕೂಡೇದೇನು?"

"ಕೂಡೇದರಿ" ಎಂದಳು ಅಕ್ಕ.

"ಟ್ಯೂಬ್‌ಲೈಟಿನ್ಯಾಗ ನೋಡಿ ಹಂಗ ಹೇಳಬಾರದು. ಹೊರಗ ಬಾ."

ಮೂವರೂ ಮೆಟ್ಟಿಲಿಳಿದು ರಸ್ತೆಗೆ ಬಂದೆವು. ಮಧ್ಯಾಹ್ನದ ಬಿಸಿಲು, ಆಟೋಗಳು, ಕಾಲೇಜಿನ ಹುಡುಗ ಹುಡುಗಿಯರು. ಫುಟ್‌ಪಾತಿನ ಅಂಚಿನಲ್ಲಿ ಭಾವ ಮುಖವನ್ನು ಬಿಸಿಲಿಗೆ ಕೊಟ್ಟು ನಿಂತರು. ಅಕ್ಕ ಹತ್ತಿರ ಹೋಗಿ, ಹಿಮ್ಮಡಿ ಎತ್ತಿ, ಅಷ್ಟು ಜನರ ನಡುವೆ ಅವರ ಗದ್ದ ಹಿಡಿದು ಒಂದು ಕಣ್ಣನ್ನು ನೋಡಿದಳು, ಇನ್ನೊಂದು ಕಣ್ಣನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಹೊಸಾದು ಛಲೋ ಆಗೇದ" ಎಂದಳು.

"ಮತ್ತ?"

"ಹಳೇದ ಭಾಳ ದಣದದ. ನಡೀರಿ, ಹೋಗಿ ಒಂಚೂರು ಮಲಗೀರಂತ."

ನನ್ನ ಕೋಣೆ ರಸ್ತೆಯ ಆಚೆಗಿತ್ತು. ದಾಟಲು ಹೊರಟಾಗ ಅಕ್ಕ ಅವರ ಹಿಂದಿನಿಂದ ಸುತ್ತಿ ಬಲಗಡೆಗೆ, ಆಟೋಗಳು ಬರುವ ಕಡೆಗೆ ಬಂದು, ತೋಳು ಹಿಡಿದಳು.